ರೋಹಿಣಿಯ ಸೆಕೆಯಲ್ಲೊಂದು ಹಿತ್ತಲೂಟ

ರೋಹಿಣಿ ಎಂದರೆ ಕನ್ನಡದ ರೈತನಿಗೆ ಮಳೆಯ ಹೆಸರು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆ ನಮ್ಮಲ್ಲಿದೆ. ಅದೇ ಹೆಸರನ್ನು ವಿಜಯವಾಡದಲ್ಲಿ ಎತ್ತಿದರೆ ಕೇಳಿದವರು ಹಣೆಯ ಬೆವರು ಒರೆಸಿಕೊಳ್ಳುತ್ತಾರೆ. ಮೇ 25ರ ಸುಮಾರಿಗೆ ಹಿಡಿದು ಜೂನ್ ಮೊದಲ ವಾರದವರೆಗೆ ನಡೆಯುವ ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲು ಕೂಡ ಬಿರಿಯುತ್ತದೆ ಎನ್ನುವುದು ತೆಲುಗು ನಾಡಿನ ಮಾತು. ಇಂಥ ಕಾಲದಲ್ಲೇ ಮಕ್ಕಳಿಗೆ ರಜೆ, ದೂರದ ಊರಿನಿಂದ ನೆಂಟರು ಬರುವ ಹೊತ್ತು, ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕೆಂಬ ಆಸೆ. ಹಿತ್ತಲಿನಲ್ಲೋ ತಾರಸಿಯ ಮೇಲೋ ಕೆಂಡ ಹೊತ್ತಿಸಿ, ಜಾಲರಿಯ ಮೇಲೆ ಏನಾದರೂ ಸುಟ್ಟು ತಿನ್ನುವ ಬಾರ್ಬೆಕ್ಯೂ ಊಟ ಈಗ ವಿಶಾಖಪಟ್ಟಣ, ವಿಜಯವಾಡಗಳಲ್ಲೂ ಬೆಂಗಳೂರು, ಹುಬ್ಬಳ್ಳಿಗಳಲ್ಲೂ ಹೊಸತಲ್ಲ. ಉಕ್ಕಿನ ಕಾರ್ಖಾನೆ, ಬಂದರು, ನೌಕಾಪಡೆ, ರೈಲ್ವೆ, ಬ್ಯಾಂಕುಗಳ ಕೆಲಸ ಹಿಡಿದು ಆಂಧ್ರದ ಆ ಎರಡು ಊರುಗಳಿಗೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಆಸೆ ಸಹಜ. ಇಂಥ ಊಟವನ್ನು ಆಯಾಸವಿಲ್ಲದೆ, ಗಡಿಬಿಡಿಯಿಲ್ಲದೆ ನಡೆಸುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ. ನಾನು ಹೇಳಬೇಕೆಂದಿರುವುದು ಒಂದೇ: ಬೇಸಗೆಯ ಹಿತ್ತಲೂಟವನ್ನು ತಂಪಿನಿಂದ ಶುರುಮಾಡಿ ಕಟ್ಟಬೇಕು, ಬೆಂಕಿಯಿಂದಲ್ಲ. ಬೆಂಕಿ ಚಿಕ್ಕದಿರಲಿ, ಹೊತ್ತು ನೋಡಿ ಹೊತ್ತಲಿ, ಬೇಗ ಆರಲಿ. ಉಳಿದದ್ದೆಲ್ಲ ತಣ್ಣಗಿರಲಿ.

ಈ ಮಾತಿಗೆ ಮೊದಲ ಆಧಾರ ವಿಶಾಖಪಟ್ಟಣ, ವಿಜಯವಾಡಗಳ ಹವೆಯೇ. ಎರಡೂ ಆಂಧ್ರದ ಕರಾವಳಿ ಸೀಮೆಯವೇ ಆದರೂ ಅವುಗಳ ಸೆಕೆಯ ಗುಣ ಬೇರೆ. ವಿಜಯವಾಡ ಕೃಷ್ಣೆಯ ದಂಡೆಯಲ್ಲಿದೆ, ಸಮುದ್ರದಿಂದ ಒಳಕ್ಕಿದೆ, ಇಂದ್ರಕೀಲಾದ್ರಿಯಂಥ ಕಲ್ಲುಬೆಟ್ಟಗಳ ನಡುವೆ ಹರಡಿಕೊಂಡಿದೆ. ಮೇ ತಿಂಗಳಲ್ಲಿ ಪಡುವಣದಿಂದ ಒಣಗಾಳಿ ಬೀಸತೊಡಗಿದರೆ ಉಷ್ಣತೆ 40 ಡಿಗ್ರಿ ದಾಟಿ ಒಮ್ಮೊಮ್ಮೆ 45ನ್ನೂ ಮುಟ್ಟುತ್ತದೆ. ಹಗಲೆಲ್ಲ ಕಾದ ಬಂಡೆ ಮತ್ತು ಕಾಂಕ್ರೀಟು ರಾತ್ರಿ ಎಂಟಾದರೂ ಝಳ ಕಕ್ಕುತ್ತಲೇ ಇರುತ್ತವೆ. ವಿಶಾಖಪಟ್ಟಣದಲ್ಲಿ ಪಾದರಸ ಅಷ್ಟು ಏರುವುದಿಲ್ಲ, ಸಾಮಾನ್ಯವಾಗಿ 35ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಸಮುದ್ರದ ತೇವದಿಂದ ಬೆವರು ಆರುವುದೇ ಇಲ್ಲ. ಅಲ್ಲಿನವರು ಉಕ್ಕಪೋತ ಎನ್ನುವುದು ಈ ಕುದಿತಕ್ಕೇ. ಇಂಥ ಸೆಕೆಯಲ್ಲಿ ಮೈ ತಂಪಾಗುವುದು ಮುಖ್ಯವಾಗಿ ಬೆವರು ಆವಿಯಾದಾಗ. ಗಾಳಿಯೇ ನೀರು ಕುಡಿದು ತುಂಬಿಕೊಂಡಿದ್ದರೆ ಬೆವರು ಮೈಮೇಲೇ ಉಳಿಯುತ್ತದೆ. ಹವಾಮಾನ ಇಲಾಖೆ ಬಿಸಿಗಾಳಿಯನ್ನು ಗುರುತಿಸಲು ಬಯಲು ಸೀಮೆಗೆ ಕನಿಷ್ಠ 40 ಡಿಗ್ರಿಯನ್ನು ಗಡಿಯಾಗಿ ಇಟ್ಟಿದ್ದರೆ, ಕರಾವಳಿಗೆ 37 ಡಿಗ್ರಿಯನ್ನೇ ಇಟ್ಟಿದೆ. 2015ರ ಮೇ ತಿಂಗಳ ಬಿಸಿಗಾಳಿಯಲ್ಲಿ ಆಂಧ್ರಪ್ರದೇಶ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಸೆಕೆ ಅಲ್ಲಿ ಬರೀ ಕಿರಿಕಿರಿಯ ಮಾತಲ್ಲ. ಅತಿಥಿಗಳನ್ನು ಕರೆದವರು ಅವರ ಮೈಯ ಹೊಣೆಯನ್ನೂ ಹೊತ್ತಿರುತ್ತಾರೆ.

ಎರಡನೆಯ ಆಧಾರ ನಮ್ಮ ಹಿರಿಯರ ಪಂಚಾಂಗದಲ್ಲಿದೆ. ಬಯಲಿನಲ್ಲಿ ಕೂತು ಉಣ್ಣುವ ರೂಢಿ ತೆಲುಗರಲ್ಲೂ ನಮ್ಮಲ್ಲೂ ಹಳೆಯದು. ಆಂಧ್ರದಲ್ಲಿ ಕಾರ್ತೀಕ ಮಾಸ ಬಂತೆಂದರೆ ವನಸಮಾರಾಧನೆ. ತೋಟಕ್ಕೋ ನದಿಯ ದಂಡೆಗೋ ಹೋಗಿ ನೆಲ್ಲಿಮರದ ನೆರಳಲ್ಲಿ ಅಡುಗೆ ಮಾಡಿ ಸಾಲಾಗಿ ಕೂತು ಉಣ್ಣುತ್ತಾರೆ. ಕರ್ನಾಟಕದಲ್ಲೂ ಕಾರ್ತೀಕದ ವನಭೋಜನ ಇದೆ. ಉತ್ತರ ಕರ್ನಾಟಕದಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ ಬಂಧುಬಳಗವೆಲ್ಲ ಉಣ್ಣುತ್ತದೆ. ಬಿಳಿಜೋಳ ಹಾಲುಗಾಳಾದಾಗ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಆರುವ ಮುಂಚೆ ತಿಕ್ಕಿ ಉದುರಿಸಿ ತಿನ್ನುವ ಸೀತನಿಯ ಸಂಭ್ರಮವೂ ಚಳಿಯ ದಿನಗಳದ್ದೇ. ಇವೆಲ್ಲ ಕಾರ್ತೀಕದಿಂದ ಪುಷ್ಯದವರೆಗಿನ ತಿಂಗಳುಗಳಲ್ಲಿ ಬರುತ್ತವೆ. ಬಿಸಿಲು ಹಿತವಾಗಿರುವಾಗ, ಬೆಂಕಿಯ ಹತ್ತಿರ ಕೂರಬೇಕೆಂದು ಮೈಗೇ ಅನ್ನಿಸುವಾಗ ಹಿರಿಯರು ಬಯಲೂಟ ಇಟ್ಟರು. ಇದನ್ನು ನೋಡಿ ಯಾರಾದರೂ, ಹಾಗಾದರೆ ಬೇಸಗೆಯಲ್ಲಿ ಇದನ್ನು ಮಾಡುವುದೇ ತಪ್ಪು, ಕಾರ್ತೀಕದವರೆಗೆ ಕಾಯಿರಿ ಎಂದು ಹೇಳಬಹುದು. ಆಕ್ಷೇಪಣೆಯಲ್ಲಿ ಅರ್ಥವಿದೆ. ಆದರೆ ಕಾರ್ತೀಕದಲ್ಲಿ ಮಕ್ಕಳು ಶಾಲೆಯಲ್ಲಿರುತ್ತಾರೆ, ಊರು ಬಿಟ್ಟವರು ಕೆಲಸದಲ್ಲಿರುತ್ತಾರೆ. ಅಜ್ಜಿ, ಮೊಮ್ಮಕ್ಕಳು, ಅಕ್ಕ, ತಮ್ಮ ಒಂದೇ ಊರಿನಲ್ಲಿ ಸಿಗುವುದು ಏಪ್ರಿಲ್, ಮೇ ತಿಂಗಳಲ್ಲೇ. ಮಾವು ಬರುವುದೂ ಆಗಲೇ. ಸಂಜೆಯ ಮೇಲೆ ಮನೆಯೊಳಗಿಗಿಂತ ಹೊರಗೆ ತಂಪಾಗಿರುವುದೂ ಆಗಲೇ. ಸೇರಲು ಕಾರಣವಿದೆ. ಹಿರಿಯರ ಪಂಚಾಂಗದಿಂದ ಕಲಿಯಬೇಕಾದದ್ದು ಬೇಸಗೆಯಲ್ಲಿ ಸೇರಬೇಡಿ ಎಂಬುದಲ್ಲ. ಚಳಿಗಾಲದ ಬಯಲೂಟವನ್ನು ಇದ್ದ ಹಾಗೇ ಎತ್ತಿ ಬೇಸಗೆಗೆ ಇಡಬೇಡಿ ಎಂಬುದು.

ಬೇಸಗೆಯಲ್ಲಿ ಬಂದವರನ್ನು ಹೇಗೆ ನೋಡಿಕೊಳ್ಳಬೇಕೆಂಬುದಕ್ಕೂ ನಮ್ಮಲ್ಲಿ ಮೇಲ್ಪಂಕ್ತಿ ಇದೆ. ವಿಜಯವಾಡದ ಬೀದಿಗಳಲ್ಲಿ ಮಾರ್ಚ್ ಮುಗಿಯುವಷ್ಟರಲ್ಲಿ ಚಪ್ಪರದ ಕೆಳಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಗಳು ಕೂರುತ್ತವೆ. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಆ ಜಾಗಕ್ಕೆ ತೆಲುಗಿನಲ್ಲಿ ಚಲಿವೇಂದ್ರಂ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಅದು ಅರವಟ್ಟಿಗೆ. ಕನ್ನಡ ಶಾಸನಗಳಲ್ಲಿ ಅರವಟ್ಟಿಗೆಗೆ ದತ್ತಿ ಬಿಟ್ಟವರ ಪ್ರಸ್ತಾಪ ಬರುತ್ತದೆ. ಶ್ರೀರಾಮನವಮಿಗೆ ಅವರದು ಪಾನಕಂ, ವಡಪಪ್ಪು. ನಮ್ಮದು ಪಾನಕ, ಕೋಸಂಬರಿ, ನೀರುಮಜ್ಜಿಗೆ. ಬೆಲ್ಲ, ಮೆಣಸು, ಏಲಕ್ಕಿಯ ಪಾನಕವಾಗಲಿ ನೆನೆಸಿದ ಹೆಸರುಬೇಳೆಯಾಗಲಿ ಒಲೆ ಕಂಡದ್ದಲ್ಲ. ಬೇಸಗೆ ಹಬ್ಬದ ಪ್ರಸಾದವನ್ನೇ ಬೆಂಕಿಯಿಲ್ಲದೆ ಮಾಡಿದ ಜನ ನಾವು. ಬಿಸಿಲಲ್ಲಿ ಬಂದವರಿಗೆ ಮೊದಲು ಕೊಡಬೇಕಾದದ್ದು ತಂಪು ಎಂಬ ತಿಳಿವಳಿಕೆ ಈ ಎಲ್ಲದರ ಹಿಂದೆ ಇದೆ. ಹಿತ್ತಲೂಟಕ್ಕೂ ಇದನ್ನೇ ತಳಪಾಯವಾಗಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಅತಿಥಿ ಗೇಟು ದಾಟಿದಾಗ ಅವರ ಮೂಗಿಗೆ ಹೊಗೆಯಲ್ಲ, ಕೈಗೆ ಮಜ್ಜಿಗೆಯ ಲೋಟ ಸಿಗಬೇಕು. ಶುಂಠಿ, ಕರಿಬೇವು, ಚೂರು ಹಸಿಮೆಣಸು ಜಜ್ಜಿ ಹಾಕಿ, ಉಪ್ಪು ಒಂದು ಕೈ ಮುಂದಾಗಿಯೇ ಇರಲಿ. ಬೆವರಿನಲ್ಲಿ ಹೋದ ಉಪ್ಪು ಹಾಗೆ ಮರಳುತ್ತದೆ.

ಆಮೇಲೆ ಹೊತ್ತು ಮತ್ತು ಜಾಗ. ವಿಶಾಖಪಟ್ಟಣದಲ್ಲಿ ಮೇ ತಿಂಗಳಲ್ಲೂ ಸೂರ್ಯ ಆರೂವರೆಗೆ ಮೊದಲೇ ಮುಳುಗುತ್ತಾನೆ. ವಿಜಯವಾಡದಲ್ಲಿ ಹತ್ತು ನಿಮಿಷದಷ್ಟು ತಡ. ಇಂಗ್ಲೆಂಡು, ಅಮೆರಿಕಗಳ ಬಾರ್ಬೆಕ್ಯೂ ಮಧ್ಯಾಹ್ನ ನಡೆಯುತ್ತದೆಂದು ಇಲ್ಲೂ ಮಧ್ಯಾಹ್ನ ಕರೆದರೆ ಅದು ಆತಿಥ್ಯವಾಗುವುದಿಲ್ಲ. ಏಳಕ್ಕೆ ಬನ್ನಿ ಎಂದು ಕರೆಯಬೇಕು. ತಾರಸಿಯಾದರೆ ಐದು ಗಂಟೆಗೇ ನೀರು ಹೊಯ್ದು ಕಾವು ಇಳಿಸಬೇಕು. ಕಾದ ಸಿಮೆಂಟಿನ ಮೇಲೆ ಬಿದ್ದ ನೀರು ಆವಿಯಾಗಿ ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಆದರೆ ಅತಿಥಿಗಳು ಬರುವ ಹೊತ್ತಿಗೆ ಹೊಯ್ದರೆ ಅದೇ ಆವಿ ಅವರ ಮುಖಕ್ಕೆ ರಾಚುತ್ತದೆ. ವಿಶಾಖಪಟ್ಟಣದ ತೇವದ ಗಾಳಿಯಲ್ಲಿ ಇದರ ಉಪಯೋಗ ಕಡಿಮೆ, ಅಲ್ಲಿ ಸಮುದ್ರದ ಗಾಳಿಯನ್ನೇ ನೆಚ್ಚಬೇಕು. ಹಗಲು ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಅದರಿಂದ ಹಗಲಿನಲ್ಲಿ ಕಡಲಿನಿಂದ ನೆಲದ ಕಡೆ ಬೀಸುವ ಗಾಳಿ ಸಂಜೆಯವರೆಗೂ ಇರುತ್ತದೆ, ರಾತ್ರಿ ಸರಿದಂತೆ ಸಡಿಲವಾಗುತ್ತದೆ. ಕೂರುವ ಜಾಗ ಗಾಳಿ ಬರುವ ಕಡೆಗಿರಲಿ, ಬೆಂಕಿ ಗಾಳಿ ಹೋಗುವ ಕಡೆಗಿರಲಿ. ಎರಡರ ನಡುವೆ ಏಳೆಂಟು ಹೆಜ್ಜೆಯಾದರೂ ಅಂತರ ಬೇಕು. ಕೆಂಡದ ಝಳ ದೂರ ಹೋದಷ್ಟೂ ಸರ್ರನೆ ಇಳಿಯುವುದರಿಂದ ಈ ಏಳೆಂಟು ಹೆಜ್ಜೆ ಒಂದು ಫ್ಯಾನಿನಷ್ಟು ಕೆಲಸ ಮಾಡುತ್ತದೆ. ಕುರ್ಚಿ, ಮೇಜು ಎಂದು ಬಾಡಿಗೆಗೆ ಓಡಾಡಬೇಕಿಲ್ಲ. ಆಂಧ್ರದ ನುಲಕ ಮಂಚ, ನಮ್ಮ ಹೊರಸು, ನಾಲ್ಕು ಚಾಪೆ ಸಾಕು. ಹಗ್ಗದ ಹೆಣಿಗೆಯ ಸಂದಿನಿಂದ ಬೆನ್ನಿಗೂ ಗಾಳಿ ತಾಕುತ್ತದೆ. ಸ್ಪಂಜಿನ ಸೋಫಾ ಈ ಕೆಲಸ ಮಾಡದು.

ಬೆಂಕಿಯ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ ಸಿಗುವ ದೊಡ್ಡ ಬಾರ್ಬೆಕ್ಯೂ ಸೆಟ್ಟು ಕೊಳ್ಳಲೇಬೇಕೆಂದಿಲ್ಲ. ನಮ್ಮ ಹಳೆಯ ಅಗ್ಗಿಷ್ಟಿಕೆ, ತೆಲುಗರ ಕುಂಪಟಿ, ಅದರ ಮೇಲೊಂದು ಗಟ್ಟಿ ಜಾಲರಿ, ಕೈಗೆ ಉದ್ದನೆಯ ಇಕ್ಕಳ, ಒಂದು ಬೀಸಣಿಗೆ, ಪಕ್ಕದಲ್ಲಿ ಒಂದು ಬಕೆಟ್ ಮರಳು. ತೆಂಗಿನ ಚಿಪ್ಪಿನ ಇದ್ದಿಲು ಎರಡೂ ಊರುಗಳಲ್ಲಿ ಸುಲಭ. ಸೀಮೆಎಣ್ಣೆ ಸುರಿಯಬೇಡಿ, ಅದರ ವಾಸನೆ ಊಟದವರೆಗೂ ಉಳಿಯುತ್ತದೆ. ತೆಂಗಿನ ನಾರು, ಒಂದಿಷ್ಟು ಸೌದೆ ಚಕ್ಕೆ ಅಡಿಗಿಟ್ಟು, ಇದ್ದಿಲನ್ನು ಗೋಪುರದಂತೆ ಒಟ್ಟಿ ಹೊತ್ತಿಸಿದರೆ ಮೊದಲು ಹೊಗೆ, ಆಮೇಲೆ ಜ್ವಾಲೆ, ಅರ್ಧ ಗಂಟೆ ಕಳೆದ ಮೇಲೆ ಮೇಲ್ಮೈಯೆಲ್ಲ ಬೂದಿ ಹೊದ್ದು ಒಳಗೆ ಕೆಂಪಗೆ ಉಸಿರಾಡುವ ಕೆಂಡ. ಅಡುಗೆಗೆ ಬೇಕಾದ್ದು ಈ ಕೆಂಡ, ಜ್ವಾಲೆಯಲ್ಲ. ಆತುರದಲ್ಲಿ ಜ್ವಾಲೆಯ ಮೇಲೆ ಇಟ್ಟದ್ದು ಹೊರಗೆ ಕರಕಾಗಿ ಒಳಗೆ ಹಸಿಯಾಗಿರುತ್ತದೆ. ಜಿಡ್ಡು ಕೆಂಡಕ್ಕೆ ತೊಟ್ಟಿಕ್ಕಿ ಎದ್ದ ಹೊಗೆ, ಕರಕಲು ಮಾಂಸ ಎರಡರಲ್ಲೂ ದೇಹಕ್ಕೆ ಒಳ್ಳೆಯದಲ್ಲದ ರಾಸಾಯನಿಕಗಳು ಹುಟ್ಟುತ್ತವೆ ಎಂದು ಕ್ಯಾನ್ಸರ್ ಸಂಶೋಧಕರು ಎಚ್ಚರಿಸುತ್ತಾರೆ. ಜ್ವಾಲೆ ತಪ್ಪಿಸಿ, ಆಗಾಗ ಮಗುಚಿ ಬೇಯಿಸಿದರೆ ಅವು ಕಡಿಮೆಯಾಗುತ್ತವೆ. ಆದ್ದರಿಂದ ಬೆಂಕಿ ಹಾಕುವುದು ಆರೂವರೆಗೆ. ಅತಿಥಿಗಳು ಏಳಕ್ಕೆ ಬಂದಾಗ ಹೊಗೆಯ ಹೊತ್ತು ಮುಗಿದಿರುತ್ತದೆ. ಇನ್ನೊಂದು ಎಚ್ಚರಿಕೆ: ಮಳೆ ಹನಿಯಿತೆಂದೋ ಗಾಳಿ ಜೋರಾಯಿತೆಂದೋ ಕೆಂಡವನ್ನು ಕೋಣೆಯೊಳಗೆ, ಮುಚ್ಚಿದ ಬಾಲ್ಕನಿಯೊಳಗೆ ಎಂದೂ ತರಕೂಡದು. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ.

ಬೆಂಕಿ ಚಿಕ್ಕದಿರಲಿ ಎಂಬುದಕ್ಕೆ ಅತ್ಯಂತ ಗಟ್ಟಿಯಾದ ಕಾರಣ ಆಹಾರ ಕೆಡುವ ಲೆಕ್ಕದಲ್ಲಿದೆ. ಅನ್ನಕ್ಕೆ ವಿಷ ಹತ್ತಿಸುವ ಸೂಕ್ಷ್ಮಜೀವಿಗಳು 5 ಡಿಗ್ರಿಗಿಂತ ಕೆಳಗೆ ಮಂಕಾಗಿರುತ್ತವೆ, 60 ಡಿಗ್ರಿಗಿಂತ ಮೇಲೆ ಬೆಳೆಯಲಾರವು. ನಡುವಿನ ಉಷ್ಣತೆಯಲ್ಲಿ ಬೇಗ ಬೇಗ ಇಮ್ಮಡಿಸುತ್ತವೆ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೊರಗಿನ ಹವೆ 32 ಡಿಗ್ರಿ ಮೀರಿದರೆ ಆ ಗಡುವು ಒಂದೇ ಗಂಟೆ ಎಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಚಿಕಾಗೋದಲ್ಲಿ ಬೇಸಗೆಯ ಕೆಲವೇ ದಿನ ಬರುವ ಈ 32 ಡಿಗ್ರಿ ವಿಜಯವಾಡದ ಮೇ ತಿಂಗಳಲ್ಲಿ ಕತ್ತಲಾದ ಮೇಲೂ ಸಾಮಾನ್ಯ. ಅಂದರೆ ಜಾಲರಿಯಿಂದ ಇಳಿಸಿದ ಕೋಳಿ, ಮೀನುಗಳಿಗೆ ಇರುವುದು ಒಂದು ಗಂಟೆಯ ಆಯುಷ್ಯ. ಮೂವತ್ತು ಜನರಿಗೆ ಆರು ಬಗೆ ಸುಟ್ಟು, ಎಲ್ಲರೂ ಬಂದ ಮೇಲೆ ಒಟ್ಟಿಗೆ ಬಡಿಸುತ್ತೇವೆಂದು ಹರಿವಾಣದಲ್ಲಿ ಪೇರಿಸಿಟ್ಟರೆ ಆ ಗಂಟೆ ಎಂದೋ ಮೀರಿರುತ್ತದೆ. ಒಂದೆರಡು ಬಗೆಯನ್ನು ಸ್ವಲ್ಪ ಸ್ವಲ್ಪವಾಗಿ ಸುಟ್ಟು, ಇಳಿಸಿದ ಕೈಯಲ್ಲೇ ಎಲೆಗೆ ಹಾಕಿದರೆ ಈ ಭಯವೇ ಇಲ್ಲ. ಮಸಾಲೆ ಹಚ್ಚಿದ ಹಸಿ ಕೋಳಿ ಐಸ್ ಪೆಟ್ಟಿಗೆಯಲ್ಲೇ ಇರಬೇಕು, ಒಂದು ಸರದಿಗೆ ಬೇಕಾದಷ್ಟನ್ನೇ ಹೊರತೆಗೆಯಬೇಕು. ಮಧ್ಯಾಹ್ನವೇ ಅರೆಬೇಯಿಸಿಟ್ಟು ರಾತ್ರಿ ಸುಡುವುದು ಜಾಣತನವೆಂದು ತೋರುತ್ತದೆ, ಆದರೆ ಅದು ಅಪಾಯ. ಅರೆಬೆಂದ ಮಾಂಸದಲ್ಲಿ ಉಳಿದ ಜೀವಿಗಳಿಗೆ ಆ ನಡುವಿನ ಹೊತ್ತು ಹಬ್ಬ. ಕೋಳಿಯ ಒಳಗಿನ ಕಾವು 74 ಡಿಗ್ರಿ ಮುಟ್ಟಬೇಕು. ಅಳೆಯುವ ಕಡ್ಡಿ ಇಲ್ಲದವರು ತುಂಡುಗಳನ್ನು ಚಿಕ್ಕದಾಗಿ ಕೊಯ್ದು, ಒಂದನ್ನು ಮುರಿದು ಒಳಗೆ ಗುಲಾಬಿ ಬಣ್ಣ ಎಳ್ಳಷ್ಟೂ ಉಳಿದಿಲ್ಲವೆಂದು ನೋಡಿ ಬಡಿಸಬೇಕು. ಹಸಿ ಮಾಂಸ ಇಟ್ಟ ತಟ್ಟೆಯಲ್ಲಿ ಬೆಂದದ್ದನ್ನು ಇಡಬಾರದು.

ಏನು ಸುಡಬೇಕು ಎಂಬ ಪ್ರಶ್ನೆಗೂ ಋತುವೇ ಉತ್ತರ ಕೊಡುತ್ತದೆ. ವಿಶಾಖಪಟ್ಟಣವೆಂದರೆ ಮೀನು ಎಂದುಕೊಂಡವರು ಒಂದು ಸಂಗತಿ ನೆನಪಿಡಬೇಕು. ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿಮಾಡುವ ಕಾಲವಿದು. ನಮ್ಮ ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಇದೇ ನಿಯಮ ಜೂನ್ 1ರಿಂದ ಜುಲೈ 31ರವರೆಗೆ ನಡೆಯುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ವಿಶಾಖದ ಬಂದರಿನಲ್ಲಿ ದೋಣಿಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ವಂಜರಂ ಎಂದು ಅಲ್ಲಿ ಕರೆಯುವ ಅಂಜಲ್ ಮೀನನ್ನು ಹಟ ಹಿಡಿದು ಹುಡುಕಿದರೆ ಸಿಗುವುದು ಎಷ್ಟೋ ದಿನ ಮಂಜುಗಡ್ಡೆಯಲ್ಲಿದ್ದ ಸರಕೇ ಇರಬಹುದು. ಎಂಜಿನ್ನಿಲ್ಲದ ನಾಡದೋಣಿಯವರಿಗೆ ನಿಷೇಧವಿಲ್ಲ. ಅವರು ದಡಕ್ಕೆ ತಂದ ಸಣ್ಣ ಮೀನನ್ನು ಕೊಂಡರೆ ಅವರ ಕಷ್ಟದ ತಿಂಗಳಿಗೆ ನಾಲ್ಕು ಕಾಸು. ವಿಜಯವಾಡದವರಿಗೆ ಕೃಷ್ಣಾ, ಗೋದಾವರಿ ಮುಖಜ ಭೂಮಿಯ ಕೆರೆಗಳ ಕಾಟ್ಲಾ, ರೋಹು, ಸಾಕಿದ ಸೀಗಡಿ ವರ್ಷವಿಡೀ ಇದೆ. ತರಕಾರಿಯಲ್ಲಂತೂ ಬೇಸಗೆಗೆ ಒಗ್ಗುವುದು ಬದನೆಕಾಯಿ. ಎಣ್ಣೆ ಸವರಿ ಕೆಂಡದ ಮೇಲಿಟ್ಟ ಬದನೆಯ ಸಿಪ್ಪೆ ಬಿರಿದು ಸುಕ್ಕಾದಾಗ ಸುಲಿದು, ಹಸಿ ಈರುಳ್ಳಿ, ಹುಣಿಸೆರಸ ಸೇರಿಸಿ ಕಿವುಚಿದರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜು, ಅವರ ವಂಕಾಯ ಪಚ್ಚಡಿ. ಅದು ತಣ್ಣಗಿದ್ದರೇ ರುಚಿ. ಜೋಳದ ತೆನೆ, ಗೆಣಸು ಇದ್ದರೆ ಮಕ್ಕಳ ಬಾಯಿ ತುಂಬಿತು.

ಬೆಂಕಿಯ ಅಡುಗೆಯನ್ನು ಹೇಗೆ ಹಿಡಿತದಲ್ಲಿಡಬೇಕೆಂಬುದನ್ನು ಕಲಿಯಲು ವಿಶಾಖಪಟ್ಟಣದಿಂದ ದೂರವೇನೂ ಹೋಗಬೇಕಿಲ್ಲ. ನೂರು ಕಿಲೋಮೀಟರಿಗೆ ತುಸು ಆಚೆ, ಪೂರ್ವ ಘಟ್ಟದ ಮೇಲೆ, ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಅರಕು ಕಣಿವೆ ಇದೆ. ಅಲ್ಲಿನ ಆದಿವಾಸಿಗಳ ಅಡುಗೆಯೊಂದು ಈಗ ಬೊಂಗು ಚಿಕನ್ ಎಂಬ ಹೆಸರಿನಲ್ಲಿ ಎಲ್ಲೆಡೆ ಪ್ರಸಿದ್ಧ. ಬೊಂಗು ಎಂದರೆ ಬಿದಿರಿನ ಕೊಳವೆ. ಹಸಿ ಬಿದಿರನ್ನು ಒಂದು ಗೆಣ್ಣು ಅಡಿಗೆ ಉಳಿಯುವಂತೆ ಕಡಿಯುತ್ತಾರೆ. ಅರಿಸಿನ, ಖಾರ, ಉಪ್ಪು, ಶುಂಠಿ, ಬೆಳ್ಳುಳ್ಳಿ ಕಲಸಿದ ಕೋಳಿಯ ತುಂಡುಗಳನ್ನು ಅದರೊಳಗೆ ತುಂಬಿ, ಬಾಯಿಗೆ ಎಲೆಯ ಬಿರಡೆ ತುರುಕಿ, ಬೆಂಕಿಯ ಮೇಲೆ ಓರೆಯಾಗಿ ಇಡುತ್ತಾರೆ. ಎಣ್ಣೆ ಒಂದು ಹನಿಯೂ ಇಲ್ಲ. ಹಸಿ ಬಿದಿರಿನಲ್ಲಿರುವ ನೀರು ಕೊಳವೆ ಹೊತ್ತಿಕೊಳ್ಳದಂತೆ ತಡೆಯುತ್ತದೆ. ಒಳಗೆ ಮಾಂಸ ತನ್ನದೇ ರಸದ ಆವಿಯಲ್ಲಿ ಬೇಯುತ್ತದೆ. ಆಗಾಗ ಕೊಳವೆ ಹೊರಳಿಸುತ್ತಿದ್ದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಹಸಿರು ಬಿದಿರು ಕಪ್ಪಾಗುತ್ತದೆ, ಎಲೆಯ ಸಂದಿನಿಂದ ಘಮ ಹೊರಡುತ್ತದೆ. ಜಿಡ್ಡು ಕೆಂಡಕ್ಕೆ ಬೀಳುವುದಿಲ್ಲ, ಆದ್ದರಿಂದ ಅದರ ಹೊಗೆಯೂ ಇಲ್ಲ. ತೊಳೆಯಲು ಪಾತ್ರೆಯೂ ಇಲ್ಲ. ಬೆಂಕಿಯ ಎದುರು ನಿಂತು ಕ್ಷಣಕ್ಷಣಕ್ಕೂ ಮಗುಚಬೇಕಾಗಿಲ್ಲವಾದ್ದರಿಂದ ಅಡುಗೆಯವರೂ ಮಾತಿಗೆ ಸೇರಬಹುದು. ಬಿದಿರು ಸಿಗದ ಊರಿನಲ್ಲಿ ಬಾಳೆಲೆ ಬಾಡಿಸಿ, ಅದರಲ್ಲಿ ಮೀನನ್ನೋ ಪನೀರನ್ನೋ ಸುತ್ತಿ ಕೆಂಡದ ಮೇಲಿಟ್ಟರೂ ಇದೇ ಗುಣ. ಕಡಿಮೆ ಬೆಂಕಿಯಿಂದ ಹೆಚ್ಚು ರುಚಿ ತೆಗೆಯುವ ಈ ವಿದ್ಯೆಯನ್ನು ಕಾಡಿನ ಜನ ನಮಗೆ ಕೊಟ್ಟಿದ್ದಾರೆ. ಅವರ ಹೆಸರು ಹೇಳಿ ಕಲಿಯುವುದು ನಮ್ಮ ಋಣ.

ಇಲ್ಲಿ ಎರಡು ಬಲವಾದ ಆಕ್ಷೇಪಗಳು ಏಳುತ್ತವೆ. ಮೊದಲನೆಯದು ಧಾರಾಳತನದ್ದು. ಆಂಧ್ರದ ಮನೆಗಳಲ್ಲಿ ಕೊಸರಿ ಕೊಸರಿ ಬಡಿಸುವುದು, ಅಂದರೆ ಬೇಡವೆಂದರೂ ಮತ್ತೆ ಮತ್ತೆ ಹಾಕುವುದು, ಪ್ರೀತಿಯ ಗುರುತು. ನಮ್ಮಲ್ಲೂ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ಬೆರಳ ಸಂದಿನಿಂದ ತುಪ್ಪ ಬೀಳುತ್ತದೆ. ಒಂದೆರಡು ಬಗೆ ಮಾತ್ರ ಸುಟ್ಟು ಬಡಿಸಿದರೆ ಜಿಪುಣತನವೆನಿಸದೇ? ಎನಿಸದು, ಏಕೆಂದರೆ ಕಡಿಮೆ ಮಾಡಬೇಕಾದದ್ದು ಬೆಂಕಿಯ ಬಗೆಗಳನ್ನು, ಎಲೆಯ ಬಗೆಗಳನ್ನಲ್ಲ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮಾಡಿ ತಣ್ಣಗಿಡಬಹುದಾದದ್ದು ಎಷ್ಟಿಲ್ಲ! ಮೊಸರನ್ನ, ರಾಗಿ ಅಂಬಲಿ, ಹೆಸರುಬೇಳೆ ಕೋಸಂಬರಿ, ಸೌತೆಕಾಯಿ, ಹೊಸ ಆವಕಾಯಿ ಉಪ್ಪಿನಕಾಯಿ. ತಾಟಿನುಂಗಿನ ಕಾಯಿ ಕೊಯ್ಯುವವನಿಂದ ತಂದ, ತೆಲುಗರು ಮುಂಜಲು ಎನ್ನುವ ಎಳೆ ನುಂಗು. ಮಾವಿನದೇ ಒಂದು ಊಟ: ವಿಜಯವಾಡದ ಹತ್ತಿರದ ನೂಜಿವೀಡಿನ ರಸಾಲು ಹಣ್ಣನ್ನು ಅಂಗೈಯಲ್ಲಿ ಹಿಸುಕಿ ತೊಟ್ಟು ಮುರಿದು ಹೀರಬೇಕು, ವಿಶಾಖದ ಕಡೆಯ ಸುವರ್ಣರೇಖ ಹಣ್ಣು ಕೆಂಪು ಕೆನ್ನೆಯ ಚೆಲುವೆ. ಇವನ್ನು ನೀರಲ್ಲಿ ಮುಳುಗಿಸಿಟ್ಟು ಊಟದ ಕೊನೆಗೆ ಬುಟ್ಟಿಗಟ್ಟಲೆ ಇಟ್ಟರೆ ಯಾವ ಅತಿಥಿಯೂ ಕೊರತೆ ಎನ್ನಲಾರ. ಮೊಸರನ್ನವನ್ನು ಮಾತ್ರ ಉಣ್ಣುವ ತನಕ ಫ್ರಿಜ್ಜಿನಲ್ಲೇ ಇಡಿ. ಒಂದು ಗಂಟೆಯ ಲೆಕ್ಕ ಅದಕ್ಕೂ ಉಂಟು. ಕೊಸರಿ ಕೊಸರಿ ಬಡಿಸಬೇಕೆನ್ನುವವರು ಮಜ್ಜಿಗೆಯನ್ನೂ ಮಾವನ್ನೂ ಕೊಸರಿ ಬಡಿಸಲಿ. ಬೇಸಗೆಯಲ್ಲಿ ಹೊಟ್ಟೆ ಬಯಸುವುದೂ ಅದನ್ನೇ.

ಎರಡನೆಯ ಆಕ್ಷೇಪ, ಇದು ಪರದೇಶದ ಅನುಕರಣೆ ಎಂಬುದು. ಬಾರ್ಬೆಕ್ಯೂ ಎಂಬ ಮಾತು ಹುಟ್ಟಿದ್ದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ನುಡಿಯಲ್ಲಿ; ಕಡ್ಡಿಗಳನ್ನು ಕಟ್ಟಿ ಮಾಡಿದ ಅಟ್ಟಣಿಗೆಗೆ ಅವರು ಇಟ್ಟ ಹೆಸರು ಸ್ಪ್ಯಾನಿಷರ ಬಾಯಲ್ಲಿ ಬಾರ್ಬಕೋವ ಆಗಿ ಊರೂರು ಸುತ್ತಿ ನಮಗೆ ಬಂತು. ಹೆಸರು ಪರದೇಶದ್ದು ನಿಜ, ಕೆಲಸ ಹಾಗಲ್ಲ. ಬಸವಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿದ್ದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಮಾಂಸದ ತುಂಡುಗಳನ್ನು ಸರಳಿಗೆ ಪೋಣಿಸಿ ಕೆಂಡದ ಮೇಲೆ ಸುಡುವ ಅಡುಗೆ ಅಲ್ಲಿ ಬರುತ್ತದೆ. ಒಂಬೈನೂರು ವರ್ಷದ ಹಿಂದೆ ಕನ್ನಡ ನೆಲದ ಅರಮನೆಯಲ್ಲಿ ನಡೆದದ್ದು, ಅರಕಿನ ಕಾಡಿನಲ್ಲಿ ಇಂದಿಗೂ ನಡೆಯುವುದು, ವಿಜಯಪುರದ ಹೊಲದಲ್ಲಿ ಸೀತನಿಗೆ ಕೆಂಡ ಮಾಡುವುದು, ಎಲ್ಲವೂ ಒಂದೇ ಕುಲದ ಕೆಲಸ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ನಾವು ಪರದೇಶದಿಂದ ತಪ್ಪಾಗಿ ತಂದದ್ದು ಸುಡುವ ಪದ್ಧತಿಯನ್ನಲ್ಲ. ಆ ದೇಶದ ಮಧ್ಯಾಹ್ನದ ಹೊತ್ತನ್ನು, ಮಾಂಸವೇ ಊಟವೆಂಬ ಅಳತೆಯನ್ನು, ಯಂತ್ರದ ಗಾತ್ರವನ್ನು. ಅವನ್ನು ಬಿಟ್ಟರೆ ಉಳಿಯುವುದು ನಮ್ಮದೇ.

ಆರಾಮದ ಊಟ ಎಂದೆವಲ್ಲ, ಆರಾಮ ಯಾರಿಗೆ ಎಂದು ಕೇಳದೆ ಈ ಮಾತು ಪೂರ್ತಿಯಾಗದು. ಎಷ್ಟೋ ಕಡೆ ಹೊರಗೆ ಗಂಡಸರು ಇಕ್ಕಳ ಹಿಡಿದು ಕೆಂಡದ ಮುಂದೆ ನಿಂತು ಮೆಚ್ಚುಗೆ ಪಡೆಯುತ್ತಾರೆ. ಒಳಗೆ ಕಾದ ಅಡುಗೆಮನೆಯಲ್ಲಿ ಮಸಾಲೆ ಅರೆದವರು, ಮೀನು ಹಸನು ಮಾಡಿದವರು, ಆಮೇಲೆ ಪಾತ್ರೆ ತಿಕ್ಕುವವರು ಹೆಂಗಸರೇ. ಅದಕ್ಕಿಂತ ದೊಡ್ಡ ಸೆಕೆ ಬೇರಿಲ್ಲ. ಬೆಂಕಿ ಚಿಕ್ಕದು ಮಾಡಿ, ತಣ್ಣನೆಯ ಬಗೆಗಳನ್ನು ನಾಲ್ಕು ಮನೆಗಳಿಗೆ ಹಂಚಿ, ನೀವು ಕೋಸಂಬರಿ ತನ್ನಿ, ನೀವು ಮೊಸರನ್ನ ತನ್ನಿ ಎಂದು ಮೊದಲೇ ಹೇಳಿದರೆ ಯಾರಿಗೂ ಸಣ್ಣತನವಾಗುವುದಿಲ್ಲ. ವನಸಮಾರಾಧನೆಯಲ್ಲೂ ಕೆಲಸ ಹಂಚಿಕೊಂಡೇ ನಡೆಯುತ್ತದೆ. ಬಾಳೆಲೆಯೋ, ತೆಲುಗರು ವಿಸ್ತರಾಕು ಎನ್ನುವ ಮುತ್ತುಗದೆಲೆಯೋ ಹಾಕಿದರೆ ತೊಳೆಯುವ ಕೆಲಸವೂ ಇಲ್ಲ. ಬಂದವರಲ್ಲಿ ಸಸ್ಯಾಹಾರಿಗಳಿದ್ದರೆ ಅವರಿಗೆ ಬೇರೆ ಅಗ್ಗಿಷ್ಟಿಕೆ, ಬೇರೆ ಜಾಲರಿ, ಬೇರೆ ಇಕ್ಕಳ ಇರಲಿ, ಅವರ ಎಲೆಗೇ ಮೊದಲು ಬಡಿಸಲಿ. ಒಂದೇ ಚಾಪೆಯ ಮೇಲೆ ಎಲ್ಲರೂ ನಿಶ್ಚಿಂತೆಯಿಂದ ಕೂರಬಹುದು. ಪಕ್ಕದ ಮನೆಯವರ ಕಿಟಕಿಗೆ ಹೊಗೆ ಹೋಗುತ್ತದೆಯೇ ಎಂದು ನೋಡುವುದು, ಫ್ಲ್ಯಾಟುಗಳಲ್ಲಿ ತಾರಸಿಯ ನಿಯಮವನ್ನು ಮೊದಲೇ ಕೇಳುವುದು, ಸಾಧ್ಯವಾದರೆ ಅವರನ್ನೂ ಊಟಕ್ಕೆ ಕರೆಯುವುದು ಈ ಮರ್ಯಾದೆಯ ಭಾಗವೇ. ತಾರಸಿಯಲ್ಲಿ ಕೆಂಡಕ್ಕೆ ಅನುಮತಿ ಇಲ್ಲವೆಂದರೆ ಬೇಸರ ಬೇಡ. ಬೆಂಕಿಯನ್ನೇ ಬಿಟ್ಟು ಬೆಳದಿಂಗಳೂಟ ಮಾಡಿದರೂ ಈ ಊಟದ ಮುಖ್ಯ ಭಾಗ ಕೈಬಿಟ್ಟು ಹೋಗುವುದಿಲ್ಲ.

ಎಂಟೂವರೆಗೆ ಸುಡುವುದು ನಿಲ್ಲಲಿ. ಕೆಂಡವನ್ನು ಮರಳಿನಿಂದ ಮುಚ್ಚಿ. ಬೆಳಗಿನವರೆಗೆ ಅದನ್ನು ಕಸದ ಬುಟ್ಟಿಗೆ ಹಾಕಬೇಡಿ, ಬೂದಿಯ ಒಡಲಲ್ಲಿ ಕಿಡಿ ಬಹಳ ಹೊತ್ತು ಬದುಕಿರುತ್ತದೆ. ಮೇ ತಿಂಗಳ ಸಂಜೆ ಗುಡುಗು ಸಹಿತ ಬಿರುಗಾಳಿ ಎದ್ದರೆ ಊಟ ಎಷ್ಟಾಗಿದ್ದರೂ ಸರಿ, ಮೊದಲು ಮರಳು ಹಾಕಿ. ಬೆಂಕಿ ಆರಿದ ಮೇಲೆ ಅಡುಗೆಗೆ ನಿಂತವರೂ ಕೈತೊಳೆದು ಬಂದು ಚಾಪೆಯ ಮೇಲೆ ಕೂರುತ್ತಾರೆ. ಮೊಸರನ್ನದ ಪಾತ್ರೆ ಒಳಗಿನಿಂದ ಹೊರಗೆ ಬರುತ್ತದೆ, ನೀರಲ್ಲಿದ್ದ ಮಾವಿನಹಣ್ಣು ಮಕ್ಕಳ ಕೈ ಸೇರುತ್ತದೆ. ದೊಡ್ಡವರು ಹೊರಸಿನ ಮೇಲೆ ಕಾಲು ಚಾಚುತ್ತಾರೆ, ಗಾಳಿ ಬಂತು ಎಂದು ಯಾರೋ ಅನ್ನುತ್ತಾರೆ. ಕರೆದವರೂ ಬಂದವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಆ ಮುಕ್ಕಾಲು ಗಂಟೆಗಾಗಿಯೇ ಈ ಎಲ್ಲ ಲೆಕ್ಕಾಚಾರ. ಈ ರೋಹಿಣಿಯಲ್ಲಿ ನಿಮ್ಮ ಹಿತ್ತಲಿಗೂ ಅಂಥದೊಂದು ಸಂಜೆ ಬರಲಿ.